ಅಸ್ತಿತ್ವದ ಪ್ರಶ್ನೆ
ಏನೂ ಇಲ್ಲದೆ ಇರಬಹುದಿತ್ತಲ್ಲ, ಜಗತ್ತು ಏಕಾದರೂ ಇದೆ ಎಂಬ ತಾತ್ತ್ವಿಕ ಪ್ರಶ್ನೆ. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ 1714ರಲ್ಲಿ ಇದನ್ನು ನೇರವಾಗಿ ಕೇಳಿದ. ಅದಕ್ಕೂ ಹಿಂದೆ, ಚನ್ನಪಟ್ಟಣದ ಬಳಿಯ ಅಬ್ಬೂರಿನ ಮಠಾಧಿಪತಿ ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ ಪಡೆದ ವ್ಯಾಸತೀರ್ಥರ (ನಿಧನ 1539) ದ್ವೈತ ದರ್ಶನದಲ್ಲಿ ಇದರ ನೆಲೆಯೇ ಬೇರೆಯಾಗಿತ್ತು.

ದ್ವೈತದ ಪ್ರಕಾರ ಸಂಪೂರ್ಣ ಶೂನ್ಯ ಎಂದೂ ಇರಲಿಲ್ಲ. ಈಶ್ವರ (ಅಂದರೆ ವಿಷ್ಣು), ಜೀವರು, ಪ್ರಕೃತಿ ಮೂರೂ ಅನಾದಿ. ಕುಂಬಾರ ಮಣ್ಣನ್ನು ಹುಟ್ಟಿಸುವುದಿಲ್ಲ, ಮಡಕೆ ಮಾಡುತ್ತಾನೆ; ಸೃಷ್ಟಿಯೂ ಹಾಗೆಯೇ. ಆದರೆ ಪ್ರಶ್ನೆ ಇಲ್ಲಿಗೇ ತೀರುವುದಿಲ್ಲ, ಈ ದರ್ಶನದ ನಿಜವಾದ ಆಳ ಇರುವುದು ಮುಂದಿನ ಹೆಜ್ಜೆಯಲ್ಲಿ: ಆದಿಯಿಲ್ಲದ ವಸ್ತುವಿನ ಇರವಿಗೂ ಆಧಾರ ಬೇಕು. ಸ್ವತಂತ್ರ ತತ್ತ್ವ ವಿಷ್ಣುವೊಂದೇ. ಉಳಿದದ್ದೆಲ್ಲ ಪ್ರತಿಕ್ಷಣವೂ ಅವನ ಅಧೀನ. ಅಧೀನವಾದರೂ ಜಗತ್ತು ಸತ್ಯ ಎಂದು ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅಸಾಧಾರಣ ತರ್ಕಶಕ್ತಿಯಿಂದ ವಾದಿಸಿದರು. ಅದಕ್ಕೆ, ಜಗತ್ತು ಮಿಥ್ಯೆ ಎನ್ನುವ ಅದ್ವೈತದ ಪರವಾಗಿ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದು ಉತ್ತರಿಸಿದರು.

ಈಶ್ವರ ಸೃಷ್ಟಿಸುವುದೇಕೆ? ಕೊರತೆ ತುಂಬಿಕೊಳ್ಳಲು ಅಲ್ಲ, ಪೂರ್ಣಾನಂದದ ಲೀಲೆಯಿಂದ ಎಂಬುದು ಬ್ರಹ್ಮಸೂತ್ರವನ್ನು ಅನುಸರಿಸಿದ ಉತ್ತರ. 12ನೇ ಶತಮಾನದ ವಚನಕಾರ ಅಲ್ಲಮಪ್ರಭು ಇನ್ನೊಂದು ದಾರಿ ಹಿಡಿದ. ಅವನ ವಚನಗಳಲ್ಲಿ ಬರುವ ‘ಬಯಲು’, ಅಂದರೆ ಶೂನ್ಯ, ಬರಿದಲ್ಲ, ಎಲ್ಲದರ ಮೂಲ.