ಅಧಿಕ ರಿಫ್ರೆಶ್ ದರದ ಮಾನಿಟರ್ ಮತ್ತು ಬ್ರೌಸರ್

ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಮೂಡಿಸುತ್ತದೆ ಎಂಬುದೇ ಅದರ ರಿಫ್ರೆಶ್ ದರ. 60 ಹರ್ಟ್ಜ್ ಪರದೆಗೆ ಒಂದು ಫ್ರೇಮ್ ಸಿದ್ಧಪಡಿಸಲು ಬ್ರೌಸರ್‌ಗೆ ಸುಮಾರು 16.7 ಮಿಲಿಸೆಕೆಂಡು ಸಿಕ್ಕರೆ, 144 ಹರ್ಟ್ಜ್‌ನಲ್ಲಿ ಸಿಗುವುದು 6.9 ಮಾತ್ರ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಹಳೆಯ ಫ್ರೇಮೇ ಉಳಿಯುತ್ತದೆ. ಉದ್ದನೆಯ ಸುದ್ದಿಪುಟವನ್ನು ಸ್ಕ್ರೋಲ್ ಮಾಡುವಾಗ ಅಕ್ಷರಗಳ ಸಾಲು ನಯವಾಗಿ ಜಾರದೆ ತಡವರಿಸಿದಂತೆ ಕಾಣುವುದು ಇದರಿಂದ.

ತೊಂದರೆ ಕಂಡಾಗ ಮೊದಲು ನೋಡಬೇಕಾದದ್ದು ಬ್ರೌಸರನ್ನಲ್ಲ. ಹೊಸ ಮಾನಿಟರ್ ಜೋಡಿಸಿದ ಮೇಲೂ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ 60ರಲ್ಲೇ ನಿಂತಿರುವುದುಂಟು. ಹಳೆಯ ಎಚ್‌ಡಿಎಂಐ ಕೇಬಲ್ ಕೂಡ ದರವನ್ನು ಕಟ್ಟಿಹಾಕಬಹುದು. ಆಮೇಲೆ ಬ್ರೌಸರ್‌ನ ಹಾರ್ಡ್‌ವೇರ್ ಆಕ್ಸಿಲರೇಶನ್ ಆನ್ ಆಗಿದೆಯೇ ಎಂದು ನೋಡಬೇಕು. ಅದಿಲ್ಲದಿದ್ದರೆ ಚಿತ್ರ ಮೂಡಿಸುವ ಹೊರೆಯೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಉಳಿಸುವ ಸೌಲಭ್ಯವೂ ಚಲನೆಯನ್ನು ನಿಧಾನಗೊಳಿಸಬಹುದು.

ನಿಜಕ್ಕೂ ತಲೆನೋವು ತರುವುದು 144 ಮತ್ತು 60 ಹರ್ಟ್ಜ್‌ನ ಎರಡು ಪರದೆಗಳು ಅಕ್ಕಪಕ್ಕ ಇರುವ ಮೇಜು. ಒಂದರಲ್ಲಿ ವಿಡಿಯೊ ಓಡುತ್ತಿದ್ದರೆ ಇನ್ನೊಂದರಲ್ಲಿ ತಡವರಿಕೆ ಶುರುವಾಗಬಹುದು. ಎರಡನೆಯ ಪರದೆಯ ಕೇಬಲ್ ಕಿತ್ತು ನೋಡುವುದೇ ನೇರವಾದ ಪರೀಕ್ಷೆ. ತಡವರಿಕೆ ನಿಂತರೆ, ಎರಡನೆಯದರ ದುಪ್ಪಟ್ಟಾಗುವಂತೆ ಮೊದಲನೆಯದನ್ನು 120ಕ್ಕೆ ಇಳಿಸಿ ನೋಡಬಹುದು. ಸೆಕೆಂಡಿಗೆ 24 ಫ್ರೇಮ್‌ಗಳ ಸಿನಿಮಾಕ್ಕೂ 120 ಹೊಂದುತ್ತದೆ: ಪ್ರತಿ ಫ್ರೇಮ್ ಸರಿಯಾಗಿ ಐದು ಸಲ ಮೂಡುತ್ತದೆ.