ಹಳೆಯ ಕಾರಿನ ಕಾಲನಿರ್ಣಯ

ಕಮಲಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕಲಬುರಗಿಯ ನಮ್ಮ ಮನೆಯ ಮುಂದೆ ತಮ್ಮ ತಂದೆಯ ಕಾಲದ ಅಂಬಾಸಿಡರ್ ಕಾರನ್ನು ತಂದು ನಿಲ್ಲಿಸಿದರು. ತಮ್ಮೂರಿನ ಹೆಸರಾಂತ ಕೆಂಪು ಬಾಳೆಹಣ್ಣನ್ನು ಎಷ್ಟೋ ವರ್ಷ ನಗರದ ಪೇಟೆಗೆ ಹೊತ್ತು ತಂದ ಗಾಡಿ ಅದು. "ಸರ್, ಇದು ನಮ್ಮ ದೇಶದ್ದೋ, ಇಂಗ್ಲೆಂಡಿಂದೋ? ಯಾವ ಕಾಲದ್ದು? ಇಟ್ಕೋಬೇಕೋ, ಗುಜರಿಗೆ ಹಾಕ್ಬೇಕೋ?" ಎಂದು ಕೇಳಿದರು. ಹಳೆಯ ಕಾರುಳ್ಳವರೆಲ್ಲರೂ ಕೇಳುವ ಪ್ರಶ್ನೆಗಳಿವು. ಹಸ್ತಪ್ರತಿಗಳ ನಡುವೆ ಆಯುಷ್ಯ ಕಳೆದ ನನಗೂ ಇವು ಅಪರಿಚಿತವೆನಿಸಲಿಲ್ಲ.

ಕೇಳುಗರೆ, ಮೊದಲನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ವಿದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದವು. ಕಾರು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರಲ್ಲಿ ವಿಶ್ವೇಶ್ವರಯ್ಯನವರು ಪ್ರಮುಖರು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಹುಟ್ಟಿತು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ. 1950ರ ದಶಕದಲ್ಲಿ, ಹಂತಹಂತವಾಗಿ ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರು ಮಾತ್ರ ಉಳಿಯಬಹುದೆಂದು ಸರ್ಕಾರ ವಿಧಿಸಿತು. ಆ ಎರಡು ವಿದೇಶಿ ಕಂಪನಿಗಳು ಹಿಂದೆಗೆದವು.

ಅಂಬಾಸಿಡರಿನ ಮಾದರಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1957ರ ಸುಮಾರಿಗೆ ಬಂಗಾಳದ ಉತ್ತರಪಾಡಾದಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. 1970ರ ದಶಕದಲ್ಲಿ ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. ಅಚ್ಚು ಪರದೇಶದ್ದು, ಕೈಕೆಲಸ ಕ್ರಮೇಣ ನಮ್ಮದು. ಸ್ಪರ್ಧೆಯಿಲ್ಲದ ಪರವಾನಗಿಯ ಕಾಲದಲ್ಲಿ ಕಾರಿನ ರೂಪ ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಅದು ದೋಷವೇ ಹೌದು. ಆದರೆ ಅದರಿಂದಲೇ ಸಣ್ಣ ಊರಿನ ಮೆಕ್ಯಾನಿಕ್ಕನಿಗೂ ಆ ಗಾಡಿಯ ನಾಡಿ ತಿಳಿಯಿತು.

ಇನ್ನು ಕಾಲದ ಮಾತು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದ ತಿಥಿ ಪ್ರತಿಯದೇ ಹೊರತು ಕೃತಿಯದಲ್ಲ. ಹಾಗೆಯೇ ಆರ್.ಸಿ. ಪುಸ್ತಕದ ನೋಂದಣಿ ದಿನಾಂಕ ತಯಾರಿಕೆಯ ದಿನಾಂಕವಲ್ಲ. ಚಾಸಿ ಸಂಖ್ಯೆ, ಮುಂಭಾಗದ ಜಾಲರಿ, ಇಂಜಿನ್ ಇವನ್ನು ಒಟ್ಟಿಗೆ ಓದಬೇಕು. ಮಾರ್ಕ್ ಎರಡು 1960ರ ದಶಕದ ಆರಂಭದ್ದು, ಮಾರ್ಕ್ ಮೂರು 1975ರದು. ನಮ್ಮ ಮುಂದಿದ್ದ ಗಾಡಿಯ ಒಡಲು ಮಾರ್ಕ್ ಎರಡು. ಬಾನೆಟ್ ಎತ್ತಿದರೆ ಒಳಗಿದ್ದುದು ಡೀಸೆಲ್ ಇಂಜಿನ್! ಅದು ಅಂಬಾಸಿಡರಿಗೆ ಬಂದದ್ದು ಬಹುಮಟ್ಟಿಗೆ 1980ರ ನಂತರ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪ್ರಕ್ಷೇಪವೆನ್ನುತ್ತೇವೆ. ಪೆಟ್ರೋಲು ದುಬಾರಿಯಾದಾಗ ತಂದೆಯೇ ಬದಲಿಸಿದ್ದರಂತೆ.

ಕುತೂಹಲದ ಪ್ರಶ್ನೆ ಇಲ್ಲಿ ಧರ್ಮದ ಪ್ರಶ್ನೆಯಾಯಿತು. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಆದರೆ ಅದರ ಚಾಸಿ, ಒಡಲು, ಇಂಜಿನ್ ಮೂಲರೂಪದಲ್ಲಿರಬೇಕು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದನ್ನು ಬಳಸುವಂತಿಲ್ಲ. "ಅರ್ಜಿಯಾಗ ಹಳೇ ಇಂಜಿನ್ ನಂಬರೇ ಬರೆದ್ರ?" ಎಂದರು, ತಲೆ ತಗ್ಗಿಸಿ. ತಂದೆಯ ನೆನಪು ಗುಜರಿ ಸೇರುವ ಭಯ ಅವರದು. "ಅದು ಕೂಟಲೇಖನವಾಗುತ್ತದೆ, ಬೇಡ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಹಳೇ ಪೆಟ್ರೋಲ್ ಇಂಜಿನ್ ತೋಟದ ಕೊಟ್ಟಿಗ್ಯಾಗೇ ಅದ, ಸರ್. ಅಪ್ಪ ಮಾರಿರಲಿಲ್ಲ."

ಮೂಲಪಾಠವೇ ದೊರೆತ ಸಂತೋಷ ನನಗಾಯಿತು. ಅದನ್ನು ಮರಳಿ ಕೂಡಿಸಿ, ಬದಲಿಸಿದ್ದನ್ನೂ ಮರಳಿಸಿದ್ದನ್ನೂ ಮುಚ್ಚದೆ ಬರೆದು ಅರ್ಜಿ ಹಾಕಲು ಹೇಳಿದ್ದೇನೆ. ತೀರ್ಪು ಸಾರಿಗೆ ಇಲಾಖೆಯದು. ಕಾರು ಉಳಿಯಲಿ, ಅಳಿಯಲಿ; ಅದರ ಚರಿತ್ರೆ ಮಾತ್ರ ತಿದ್ದುಪಡಿಯಿಲ್ಲದೆ ಉಳಿಯಬೇಕು.

(ಬಾನುಲಿ ಭಾಷಣ)