ಬಾಗಿಲ ಮೇಲಿನ ಚೀಟಿ: ದಂಡು ಪ್ರದೇಶದಲ್ಲಿ ಸಾಂಕ್ರಾಮಿಕ ಕಾನೂನು ಮತ್ತು ಖಾಸಗಿತನ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು. ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿದ್ದದ್ದು ನಾಲ್ಕೇ ಕಲಮುಗಳು. ಪ್ರಯಾಣಿಕರ ತಪಾಸಣೆ, ಶಂಕಿತರನ್ನು ಬೇರೆ ಇರಿಸುವುದು, ಆದೇಶ ಮೀರಿದವರಿಗೆ ಶಿಕ್ಷೆ, ಸದ್ಭಾವದಿಂದ ನಡೆದುಕೊಂಡ ಅಧಿಕಾರಿಗೆ ರಕ್ಷಣೆ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ರೋಗಿಯ ಹಕ್ಕಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಪ್ಲೇಗಿನ ಪಾಠದಿಂದಲೇ ಇಲಿ ನುಸುಳದ ಮನೆಗಳೊಂದಿಗೆ ಫ್ರೇಜರ್ ಟೌನ್ ಎಂಬ ಬಡಾವಣೆ ದಂಡಿನಲ್ಲಿ ರೂಪುಗೊಂಡು 1910ರಲ್ಲಿ ಉದ್ಘಾಟನೆಯಾಯಿತು. ರೋಗವನ್ನು ಊರಿನ ರಚನೆಯಿಂದಲೇ ತಡೆಯಬಹುದೆಂಬ ಆ ತಿಳಿವಳಿಕೆ ಕಾಯ್ದೆಯೊಳಗೆ ಬರಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗಲೂ ಕರ್ನಾಟಕ ಸರ್ಕಾರ ಕೈಗೆತ್ತಿಕೊಂಡದ್ದು ಆ ಕಾಯ್ದೆಯನ್ನೇ. ಕ್ವಾರಂಟೈನಿನಲ್ಲಿದ್ದವರ ಕೈಗೆ ಅಳಿಸದ ಶಾಯಿಯ ಮುದ್ರೆ ಬಿತ್ತು, ಬಾಗಿಲಿಗೆ ಚೀಟಿ ಅಂಟಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂದು ಸರ್ಕಾರ ಸೂಚಿಸಿತು. ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿ ಜಿಲ್ಲಾವಾರು ಪ್ರಕಟವಾಗಿ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು.

ಕಾಂಪೌಂಡು ಗೋಡೆಯಿರುವ ಇಂದಿರಾನಗರದ ಮನೆಯಲ್ಲಿ ಬಾಗಿಲಿನ ಆ ಚೀಟಿಯನ್ನು ನೋಡುತ್ತಿದ್ದವರು ಕೆಲವರೇ. ಹಳೆಯ ದಂಡು ಪ್ರದೇಶದ ಶಿವಾಜಿನಗರದ ಓಣಿಯಲ್ಲಿ, ಒಂದೇ ಕೋಣೆಯ ಮನೆಗಳು ನಲ್ಲಿ, ಶೌಚಾಲಯಗಳನ್ನು ಹಂಚಿಕೊಂಡಿರುವ ವಠಾರದಲ್ಲಿ, ಅದು ಇಡೀ ಬೀದಿಗೆ ಹೊರಡಿಸಿದ ಪ್ರಕಟಣೆಯಾಗಿತ್ತು. 'ಮನೆಯಲ್ಲೇ ಪ್ರತ್ಯೇಕವಾಗಿರಿ' ಎಂಬ ಆದೇಶ ಪ್ರತ್ಯೇಕ ಕೋಣೆಯಿದೆಯೆಂದು ಊಹಿಸಿಕೊಂಡೇ ಬರೆದದ್ದು. ಸೋಂಕಿತರ ವಿವರ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ನೆರೆಯವರಿಗೆ ಗೊತ್ತಾದರೆ ಆಗುವ ವೈದ್ಯಕೀಯ ಲಾಭವೇನು? ಬಾಡಿಗೆ ಮನೆ, ಕೂಲಿ ಕೆಲಸ ಕೈತಪ್ಪುವ ಭಯವಿದ್ದವರು ಜ್ವರವನ್ನೇ ಮುಚ್ಚಿಡುತ್ತಾರೆ, ತಪಾಸಣೆಗೆ ಬರುವುದಿಲ್ಲ. ಗೌಪ್ಯತೆಯನ್ನು ಸಾರ್ವಜನಿಕ ಆರೋಗ್ಯದ ಎದುರಾಳಿಯೆಂದು ಬಗೆದದ್ದೇ ಇಲ್ಲಿನ ಮೂಲ ತಪ್ಪು ಎಂಬುದು ನನ್ನ ವಾದ. ಅದು ಆರೋಗ್ಯ ಕಾಪಾಡುವ ಸಾಧನವೇ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದನ್ನು ಮೊಟಕುಗೊಳಿಸಲು ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಆ ಉದ್ದೇಶಕ್ಕೆ ತಕ್ಕ ಮಿತಿ ಬೇಕು. ವಿಳಾಸಗಳ ಪಟ್ಟಿ ಮೂರನೆಯದರಲ್ಲೇ ಸೋಲುತ್ತದೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಚೀಟಿ ಅಂಟಿಸಬಾರದೆಂದಿತು. 2021ರ ಜನವರಿ 25ರಂದು ಕರ್ನಾಟಕ ಹೈಕೋರ್ಟ್, ಕೋವಿಡ್ ಸಂಪರ್ಕ ಪತ್ತೆಗೆ ಬಳಸಿದ ಆರೋಗ್ಯ ಸೇತು ಆ್ಯಪ್‌ನ ಬಳಕೆದಾರರ ದತ್ತಾಂಶವನ್ನು ಅವರ ಸಮ್ಮತಿಯಿಲ್ಲದೆ ಹಂಚಿಕೊಳ್ಳುವುದಕ್ಕೆ ಮಧ್ಯಂತರ ತಡೆ ನೀಡಿತು. ಆ ಆ್ಯಪ್‌ನ ದತ್ತಾಂಶ ಉಳಿಸಿಕೊಳ್ಳಲು ಸಾಮಾನ್ಯವಾಗಿ 180 ದಿನಗಳ ಗಡುವಾದರೂ ಇತ್ತು. ಫೋನಿನಿಂದ ಫೋನಿಗೆ ದಾಟಿಹೋದ ವಿಳಾಸಗಳಿಗೆ ಯಾವ ಗಡುವೂ ಇರಲಿಲ್ಲ.